ದೊಡ್ಡಪ್ಪನ ಸಕ್ಕರೆಗೆ ಯಾರ ಬೆರಳು

ನಮ್ಮ ದೊಡ್ಡಪ್ಪ ಮನಸ್ಸು ಗಟ್ಟಿ ಮಾಡಿ ಸಕ್ಕರೆ ಕಾಯಿಲೆಯನ್ನು ಮಣಿಸಿದ ಎಂಬುದು ನಮ್ಮ ಬಳಗದಲ್ಲಿ ಈಗ ಒಪ್ಪಿತ ಸತ್ಯ. ಶೇಡಬಾಳದಿಂದ ಕರೋಶಿಯವರೆಗೆ ಯಾರ ಮನೆಯ ಬಸುರಿಯ ಕುಬಸಕ್ಕಾದರೂ ಹೋಗಿ, ಯಾರ ಮನೆಯ ಲಗ್ನಕ್ಕಾದರೂ ಹೋಗಿ, ಊಟದ ಎಲೆ ಎತ್ತುವುದರೊಳಗೆ ಯಾರಾದರೊಬ್ಬರು ಈ ಕಥೆ ತೆಗೆಯುತ್ತಾರೆ. ಸೂಜಿ ಕಂಡರೆ ಬೆವರುತ್ತಿದ್ದ ಮನುಷ್ಯ ಒಂದು ದಿನ ಎದೆ ಗಟ್ಟಿ ಮಾಡಿ ಕೈ ಚಾಚಿದನಂತೆ, ಅಂದಿನಿಂದ ಸಕ್ಕರೆ ಅವನ ಮಾತು ಕೇಳುತ್ತಿದೆಯಂತೆ. ಕೊನೆಗೆ ದೊಡ್ಡಪ್ಪ ಮೀಸೆ ಒರೆಸಿಕೊಂಡು, "ಎಲ್ಲಾ ಮನಸಿನಾಗ ಐತಿ ನೋಡ್ರಿ" ಎನ್ನುತ್ತಾನೆ. ಸಭೆ ತಲೆಯಾಡಿಸುತ್ತದೆ.

ನಾನು ಕಾಲೇಜಿನ ಚರ್ಚಾ ಸ್ಪರ್ಧೆಗಳಲ್ಲಿ ವಿಷಯಕ್ಕೆ ವಿರೋಧವಾಗಿ ಮಾತಾಡಿಯೇ ಬೆಳೆದವಳು. ಚಿಕ್ಕೋಡಿ, ನಿಪ್ಪಾಣಿ, ಅಥಣಿಯ ವೇದಿಕೆಗಳಲ್ಲಿ ಗೆದ್ದ ಸ್ಟೀಲಿನ ಕಪ್ಪುಗಳಲ್ಲಿ ನಮ್ಮವ್ವ ಈಗ ಜೀರಿಗೆ, ಸಾಸಿವೆ ತುಂಬಿಟ್ಟಿದ್ದಾಳೆ. ಹೋಗಲಿ, ಅಷ್ಟಾದರೂ ಉಪಯೋಗಕ್ಕೆ ಬಂದವು. ಆದರೆ ಅಭ್ಯಾಸ ಬಿಡುವುದಿಲ್ಲ, ಆದ್ದರಿಂದ ಹೇಳಿಬಿಡುತ್ತೇನೆ. ಈ ಕಥೆಯಲ್ಲಿ ಕೈ ಚಾಚಿದ್ದು ನಿಜ. ಯಾರ ಕೈ ಎಂಬುದಷ್ಟೇ ನನ್ನ ತಕರಾರು.

ದೊಡ್ಡಪ್ಪ ಎಂದರೆ ನಮ್ಮಪ್ಪನ ಅಣ್ಣ. ಶೇಡಬಾಳದ ಹತ್ತಿರ ಅವನಿಗೆ ಕಬ್ಬಿದೆ, ಒಂದಿಷ್ಟು ದ್ರಾಕ್ಷಿ ಪಡ ಇದೆ, ಕೊಟ್ಟಿಗೆ ತುಂಬ ಎಮ್ಮೆಗಳಿವೆ. ದನದ ಡಾಕ್ಟರು ಬಂದಾಗ ಕೊಂಬು ಹಿಡಿದು ಎಮ್ಮೆಯ ತಲೆಯನ್ನು ಗೋಡೆಗೆ ಒತ್ತಿ ನಿಲ್ಲುವವನು ಅವನೇ. ಎಮ್ಮೆ ಕೊಸರಿದರೆ, "ಇಷ್ಟಕ್ಕ ಯಾಕ ಹೆದರತಿ ಬೇ" ಎಂದು ಅದಕ್ಕೆ ಬುದ್ಧಿ ಹೇಳುವವನೂ ಅವನೇ. ತನ್ನ ಚರ್ಮಕ್ಕೆ ಮಾತ್ರ ಕಾನೂನು ಬೇರೆ. ಶಾಲೆಗೆ ಲಸಿಕೆ ಹಾಕುವವರು ಬಂದ ದಿನ ಕಬ್ಬಿನೊಳಗೆ ಹೊಕ್ಕವನು ಹೊತ್ತು ಮುಳುಗಿದ ಮೇಲೆ ಹೊರಬಂದನೆಂದು ಅಜ್ಜಿ ಹೇಳುತ್ತಿದ್ದಳು. ಈಗ ಮೊಮ್ಮಕ್ಕಳನ್ನು ಕಂಡಿದ್ದಾನೆ. ಆ ಕಬ್ಬು ಕಡಿದು ಎಷ್ಟೋ ಬೆಳೆ ಬಂದು ಹೋಗಿವೆ, ಅಡಗುವವನು ಮಾತ್ರ ಬದಲಾಗಿಲ್ಲ.

ಸಕ್ಕರೆ ಇದೆಯೆಂದು ಗೊತ್ತಾದದ್ದು ಕಣ್ಣು ಮಂಜಾಗಿ ಅಥಣಿಗೆ ಹೋದಾಗ. ಅಲ್ಲಿಯ ದವಾಖಾನೆಯಲ್ಲಿ ಮೊದಲು ಮೂತ್ರ ನೋಡಿದರು. ಅದಕ್ಕೇನೂ ಅವನ ಆಕ್ಷೇಪಣೆ ಇರಲಿಲ್ಲ. ಸಕ್ಕರೆ ಬಹಳ ಏರಿದೆ, ರಕ್ತ ತೆಗೆದು ನೋಡಿ ಇನ್ಸುಲಿನ್ ಶುರು ಮಾಡಬೇಕಾದೀತು ಎಂದು ಡಾಕ್ಟರು ಹೇಳಿದರು. ನರ್ಸು ಸಿರಿಂಜಿನ ಪೊಟ್ಟಣ ಹರಿದಳು. ಆ ಸಪ್ಪಳ ಕೇಳಿದ್ದೇ ದೊಡ್ಡಪ್ಪ, ಒಂದಕ್ಕೆ ಹೋಗಿ ಬರುತ್ತೇನೆಂದು ಎದ್ದ. ಎದ್ದವನು ಹಿಂಬಾಗಿಲಿನಿಂದ ಹೊರಟ. ಚಪ್ಪಲಿಗಳು ಮುಂಬಾಗಿಲಲ್ಲಿ ಉಳಿದವು.

ಯಾರದೋ ಗಾಡಿ ಹತ್ತಿ ಬರಿಗಾಲಲ್ಲಿ ಊರಿಗೆ ಬಂದ. ಬಂದವನು ರಸ್ತೆ ಹಿಡಿದು ಮನೆಗೆ ಹೋಗಬೇಕಿತ್ತು. ಆದರೆ ದಾರಿಯಲ್ಲಿ ಕಟ್ಟೆಯಿದೆ, ಕಟ್ಟೆಯ ಮೇಲೆ ಜನ ಇದ್ದಾರೆ, ಅವರಿಗೆ ಕಣ್ಣಿದೆ. ಬರಿಗಾಲೇಕೆ ಎಂದು ಕೇಳಿದರೆ ಏನು ಹೇಳುವುದು? ಅದಕ್ಕೆ ಅಡ್ಡಹಾದಿ ಹಿಡಿದು ತನ್ನದೇ ಹೊಲದೊಳಗೆ ನಡೆದ. ಕಬ್ಬು ಕಡಿದು ಕೆಲವೇ ದಿನಗಳಾಗಿದ್ದವು. ಓರೆಯಾಗಿ ಕಡಿದ ಕೂಳೆಗಳು ಮಣ್ಣಿನಿಂದ ಮೇಲೆದ್ದು ನಿಂತಿದ್ದವು. ಕೂದಲಿನಂಥ ಸೂಜಿಗೆ ಹೆದರಿ ಓಡಿಬಂದವನ ಹೆಬ್ಬೆರಳಿಗೆ ಕಬ್ಬಿನ ಕೂಳೆ ಇಳಿಯಿತು. ಸೋಜಿಗವೆಂದರೆ ಅದು ಅವನಿಗೆ ಗೊತ್ತಾಗಲೇ ಇಲ್ಲ. ಸಕ್ಕರೆ ಆಗಲೇ ಕಾಲಿನ ಅರಿವನ್ನು ತಿಂದಿತ್ತು. ಪಡಸಾಲೆಯಲ್ಲಿ ರಕ್ತದ ಹೆಜ್ಜೆ ಕಂಡು ಬೊಬ್ಬೆ ಹಾಕಿದವಳು ಅವನ ಹೆಂಡತಿ, ನಮ್ಮ ದೊಡ್ಡವ್ವ.

ಅವನ ಮಗ, ಎಂದರೆ ನಮ್ಮ ಅಣ್ಣ, ನಿಪ್ಪಾಣಿಯ ಬ್ಯಾಂಕೊಂದರಲ್ಲಿ ನೌಕರಿ ಮಾಡುತ್ತಾನೆ. ಅವನೇ ಹೋಗಿ ಡಾಕ್ಟರ ಕೈಲಿ ಬೈಸಿಕೊಂಡು ಬಂದ. ಚಪ್ಪಲಿ ಸಿಗಲಿಲ್ಲ, ಗುಳಿಗೆ ಸಿಕ್ಕವು. ಮನೆಯಲ್ಲೇ ಬೆರಳು ಚುಚ್ಚಿ ಒಂದು ಹನಿ ರಕ್ತದಿಂದ ಸಕ್ಕರೆ ಅಳೆಯುವ ಮಶಿನನ್ನೂ ಕೊಂಡುತಂದ. ಡಾಕ್ಟರ ಮಾತು ಸ್ಪಷ್ಟವಿತ್ತು. ದಿನಾ ಮುಂಜಾನೆ ಅಳೆಯಬೇಕು. ಸಕ್ಕರೆ ಇಳಿಯದಿದ್ದರೆ ಕಟ್ಟಿಯಾದರೂ ಕರೆತರಬೇಕು, ಇಲ್ಲದಿದ್ದರೆ ಈ ಗಾಯ ಮಾಯುವುದಿಲ್ಲ, ಕಾಲಿನ ಹೆಬ್ಬೆರಳು ಕಡಿಯಬೇಕಾಗುತ್ತದೆ.

ಮೊದಲ ವಾರದಲ್ಲೇ ಸಕ್ಕರೆ ಇಳಿಯಿತು. ಎಷ್ಟು ಚೆಂದ ಇಳಿಯಿತೆಂದರೆ ಮುಂಜಾನೆ ಮುಂಜಾನೆ ಫೋನಿನಲ್ಲಿ ಅಂಕಿ ಕೇಳಿ ಅಣ್ಣ ನಿಟ್ಟುಸಿರು ಬಿಡುತ್ತಿದ್ದ. ಈ ಪವಾಡದ ಕೀರ್ತಿಯನ್ನು ದೊಡ್ಡಪ್ಪ ಗುಳಿಗೆಗೆ ಕೊಡಲಿಲ್ಲ. ನಿಪ್ಪಾಣಿ ಕಡೆಯ ಒಬ್ಬನು ಕೊಡುತ್ತಿದ್ದ ಹಸಿರು ಪುಡಿಗೆ ಕೊಟ್ಟ. ಆ ಮನುಷ್ಯ ಅರ್ಧ ಕನ್ನಡ, ಅರ್ಧ ಮರಾಠಿಯಲ್ಲಿ, "ಸಾಖರ್ ಗೇಲಿ ಸಮಜಾ, ಕಾಳಜಿ ಬ್ಯಾಡ್ರಿ" ಎಂದಿದ್ದನಂತೆ, ಸಕ್ಕರೆ ಹೋಯಿತೆಂದೇ ತಿಳಿಯಿರಿ ಎಂದು. ಅಷ್ಟು ಸಾಕಾಯಿತು. ಗುಳಿಗೆ ಬಿಟ್ಟ, ಪುಡಿ ಹಿಡಿದ. ಚಹಾಕ್ಕೆ ಸಕ್ಕರೆ ಹಾಕುವುದನ್ನೂ ಬಿಟ್ಟ, ಬೆಲ್ಲ ಹಾಕಿಸಿಕೊಂಡ. ಸಕ್ಕರೆಯಾದರೆ ಫ್ಯಾಕ್ಟರಿಯದು, ಬೆಲ್ಲ ನಮ್ಮ ಹೊಲದ್ದು, ನಮ್ಮ ಹೊಲದ್ದು ನಮಗೇ ಹೇಗೆ ಬಾಧಿಸೀತು ಎಂಬುದು ಅವನ ತರ್ಕ.

ಸುದ್ದಿ ಹಬ್ಬಿತು. ರಾಯಬಾಗದಿಂದ, ಕಬ್ಬೂರಿನಿಂದ ನೆಂಟರು, ಪಾವಣೇರು ಬರತೊಡಗಿದರು. ನಾನು ರಜೆಗೆ ಹೋದಾಗ ಕಂಡ ನೋಟ ಇದು: ಪಡಸಾಲೆಯಲ್ಲಿ ದೊಡ್ಡಪ್ಪ ಮಂಚದ ಮೇಲೆ ಕುಳಿತಿದ್ದಾನೆ. ಪಟ್ಟಿ ಸುತ್ತಿದ ಕಾಲನ್ನು ಸ್ಟೂಲಿನ ಮೇಲೆ ಇಟ್ಟಿದ್ದಾನೆ. ಆ ಕಾಲಿನಿಂದ ವಾಸನೆ ಬರುತ್ತಿದೆ. ವಾಸನೆಯ ಸುತ್ತ ಕುಳಿತ ಜನರಿಗೆ ಅವನು ಆರೋಗ್ಯದ ಗುಟ್ಟು ಹೇಳುತ್ತಿದ್ದಾನೆ.

ಸಕ್ಕರೆ ಸರಿಯಿದ್ದರೆ ಗಾಯ ಏಕೆ ಮಾಯುತ್ತಿಲ್ಲ ಎಂದು ನಾನು ಕೇಳಿದೆ. ಕಾಲಿಗೆ ಯಾರದೋ ದೃಷ್ಟಿ ಬಿದ್ದಿದೆ ಎಂದು ಒಬ್ಬರು ಹೇಳಿದರು. ಪುಡಿ ಮೇಲಿನಿಂದ ಕೆಳಗೆ ಕೆಲಸ ಮಾಡುತ್ತಾ ಬರುತ್ತದೆ, ಕಾಲಿಗೆ ತಲುಪಲು ಹೊತ್ತು ಹಿಡಿಯುತ್ತದೆ ಎಂದು ಇನ್ನೊಬ್ಬರು. ದೊಡ್ಡಪ್ಪ, ನನ್ನನ್ನು ಬಿಟ್ಟು ಹೊರಡಲಿದ್ದ ನಮ್ಮಪ್ಪನ ಕಡೆ ತಿರುಗಿ, ಹುಡುಗಿಗೆ ವಾದ ಕಲಿಸಿ ಕೆಡಿಸಿದಿರಿ ಎಂದ. ನಾನು ಒಪ್ಪಲಿಲ್ಲ. ಮಶಿನ್ ಒಂದು ಹೇಳುತ್ತಿತ್ತು, ಗಾಯ ಇನ್ನೊಂದು ಹೇಳುತ್ತಿತ್ತು. ಎರಡು ಸಾಕ್ಷಿಗಳು ತಾಳೆಯಾಗದಿದ್ದರೆ ಒಂದು ಸುಳ್ಳು. ಗಾಯಕ್ಕೆ ಸುಳ್ಳು ಹೇಳಲು ಬರುವುದಿಲ್ಲ.

ಉತ್ತರ ಸಿಕ್ಕಿದ್ದು ಅಡುಗೆಮನೆಯಲ್ಲಿ. ದೊಡ್ಡವ್ವ ಕೆಂಪು ಮೆಣಸಿನಕಾಯಿಯ ರಂಜಕ ರುಬ್ಬುತ್ತಿದ್ದಳು. ವರ್ಷಗಟ್ಟಲೆ ರಂಜಕ ರುಬ್ಬಿದ ಕೈ ಅದು, ಒಲೆಯ ಕೆಂಡವನ್ನೂ ಬರಿಗೈಲಿ ಸರಿಸುವ ಕೈ. ಆ ಕೈಯನ್ನು ಅವಳು ಥಟ್ಟನೆ ಎಳೆದುಕೊಂಡು ನೀರಿನ ಕೊಡಕ್ಕೆ ಅದ್ದಿದಳು. ನಾನು ಹಿಡಿದು ನೋಡಿದೆ. ಎರಡೂ ಕೈಗಳ ಬೆರಳ ತುದಿಗಳಲ್ಲಿ ಸಾಸಿವೆ ಚೆಲ್ಲಿದಂತೆ ಚುಕ್ಕೆ ಚುಕ್ಕೆ ಗಾಯ. ಹೊರಗೆ ಪಡಸಾಲೆಯಲ್ಲಿ ಹಸ್ತ ಆಡಿಸುತ್ತ ಭಾಷಣ ಮಾಡುತ್ತಿದ್ದವನ ಬೆರಳುಗಳು ನೆನಪಾದವು. ಅವು ಮದುಮಗನ ಬೆರಳಿನಂತೆ ನುಣ್ಣಗಿದ್ದವು.

ಬೈದರೆ ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ನನಗೇ ತಿರುಗಿಬಿದ್ದಳು.

"ಅವರಿಗೆ ಜ್ವರಾ ಬಂದಾಗ ದೀಡ ನಮಸ್ಕಾರ ಯಾರ ಹಾಕಿದ್ರು? ನಾನ. ಸೋಮವಾರ ಉಪಾಸ ಯಾರ ಮಾಡತಾರ? ನಾನ. ಅವೆಲ್ಲಾ ಅವರಿಗೆ ಮುಟ್ಟಿದ್ವು. ಇದೊಂದ ಯಾಕ ಮುಟ್ಟೂದಿಲ್ಲ?"

ಇಂಥ ಎದುರಾಳಿ ನನಗೆ ಯಾವ ಸ್ಪರ್ಧೆಯಲ್ಲೂ ಸಿಕ್ಕಿರಲಿಲ್ಲ. ನಮ್ಮ ಕಡೆ ಹರಕೆ ಹೊರುವುದು ಗಂಡಸರ ಕೆಲಸ, ತೀರಿಸುವುದು ಹೆಂಗಸರ ಕೆಲಸ. ಗಂಡ ಜ್ವರದಲ್ಲಿ ಮಲಗಿದ್ದಲ್ಲೇ ದೇವರಿಗೆ ಮಾತು ಕೊಡುತ್ತಾನೆ. ಹೆಂಡತಿ ಒದ್ದೆ ಸೀರೆಯಲ್ಲಿ ನೆಲಕ್ಕೆ ಮೈ ಚಾಚುತ್ತ, ಏಳುತ್ತ, ಮತ್ತೆ ಚಾಚುತ್ತ ಗುಡಿ ಮುಟ್ಟುತ್ತಾಳೆ. ದೇವರು ಇದುವರೆಗೆ ಈ ಬದಲಿ ಮೈಯನ್ನು ತಿರಸ್ಕರಿಸಿದ್ದಿಲ್ಲ. ಇನ್ನು ಅಂಗೈಯಗಲದ ಮಶಿನ್ ಏಕೆ ತಿರಸ್ಕರಿಸಬೇಕು?

ಪಾವಣೇರು ಹೋದ ಮೇಲೆ ದೊಡ್ಡಪ್ಪನನ್ನು ಕೇಳಿದೆ. ಅವನು ನಾಚಲಿಲ್ಲ.

"ಒಂದ ಒಲಿ, ಒಂದ ಭಾಂಡೆ. ಇಬ್ರೂ ಉಣ್ಣೂದು ಅದ ಊಟ. ರಕ್ತ ಬ್ಯಾರೆ ಹೆಂಗ ಆಗತೈತಿ?"

ಹಾಗಾದರೆ ಆ ಪುಡಿಯನ್ನೂ ದೊಡ್ಡವ್ವನಿಗೇ ಕುಡಿಸಿ ನೀನು ಆರಾಮಾಗಿ ಇರಬಹುದಿತ್ತಲ್ಲ ಎಂದೆ. ಪುಡಿಯ ಮಹಿಮೆ ಎಂದರೆ ಇದೊಂದೇ, ಕುಡಿದವನು ನೀನು, ಸಕ್ಕರೆ ಸರಿಯಿದ್ದದ್ದು ಅವಳದು, ಎಂದೂ ಸೇರಿಸಿದೆ. ಅಣ್ಣನಿಗೆ ಫೋನ್ ಮಾಡುತ್ತೇನೆಂದೆ. ಮಾಡಿದರೆ ಈ ಮನೆಯ ಮೆಟ್ಟಿಲು ಹತ್ತಬೇಡ ಎಂದ. ದೊಡ್ಡವ್ವ ನಡುವೆ ಬಂದು, ಇಬ್ಬರೂ ಗಪ್ಪಾಗಿ ಉಣ್ಣಿರಿ ಎಂದು ತಾಟು ಇಟ್ಟಳು. ವಾದ ನಾನು ಗೆದ್ದಿದ್ದೆ. ಕಪ್ಪು ಗೆದ್ದಂತೆ ಆಯಿತು ಅದು, ಸಾಸಿವೆ ಇಡಲು ಮಾತ್ರ ಉಪಯೋಗ.

ಮರುದಿನ ಮುಂಜಾನೆ ದೊಡ್ಡವ್ವ ಎಂದಿನಂತೆ ಗಾಯದ ಪಟ್ಟಿ ಬಿಚ್ಚಿದಳು. ನಾನು ಪಕ್ಕದಲ್ಲಿ ಬಿಸಿನೀರು ಹಿಡಿದು ನಿಂತಿದ್ದೆ. ಹೆಬ್ಬೆರಳಿನ ತುದಿ ಕಪ್ಪಾಗಿತ್ತು. ಅವಳು ಅದನ್ನು ಬಗ್ಗಿ ನೋಡಿದಳು. ಹೊಸ ಪಟ್ಟಿ ಕಟ್ಟಿ ಕೈ ತೊಳೆದು ಹೋಗಿ ರೊಟ್ಟಿಗೆ ಕೂತಳು. ಸ್ವಲ್ಪ ಹೊತ್ತಿಗೆ ಒಳಕೋಣೆಯಿಂದ ದೊಡ್ಡಪ್ಪ ಕರೆದ. ಅವಳು ಏಳಲಿಲ್ಲ. ಎರಡನೇ ಸಲ ಕರೆದ. ರೊಟ್ಟಿ ಬಡಿಯುವ ಸಪ್ಪಳ ಇನ್ನೂ ಜೋರಾಯಿತು. ಕೊನೆಗೆ ಅವನೇ ಮಶಿನ್ ಹಿಡಿದು ಕುಂಟುತ್ತ ಅಡುಗೆಮನೆಗೆ ಬಂದ.

ದೊಡ್ಡವ್ವ ಹಿಟ್ಟು ಮೆತ್ತಿದ ಕೈಯನ್ನು ಮುಷ್ಟಿ ಕಟ್ಟಿ ತೋರಿಸಿದಳು.

"ಇನ್ನ ಈ ಕೈ ಹಿಟ್ಟಿಗಷ್ಟ."

ಅವನು ನನ್ನ ಬೆರಳುಗಳ ಕಡೆ ನೋಡಿದ. ನಾನೂ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡೆ. ಆ ಮನೆಯಲ್ಲಿ ಉಳಿದದ್ದು ಅವನ ಬೆರಳುಗಳೇ. ಅವನು ಹಿತ್ತಲ ಬಾಗಿಲಿನ ಕಡೆ ಹೊರಳಿದ. ಅಷ್ಟರಲ್ಲಿ ದೊಡ್ಡವ್ವ ಎದ್ದು ಅವನ ಮುಂಗೈ ಹಿಡಿದು ಗೋಡೆಗೆ ಒತ್ತಿ ನಿಂತಳು, ಥೇಟ್ ಅವನು ಎಮ್ಮೆಗೆ ಒತ್ತುವ ಹಾಗೆ. "ಇಷ್ಟಕ್ಕ ಯಾಕ ಹೆದರತೀರಿ" ಎಂದಳು. ಅದು ಚುಚ್ಚುಮಾತಾಗಿರಲಿಲ್ಲ, ನಿಜವಾಗಿ ಸಮಾಧಾನವೇ ಆಗಿತ್ತು. ನಾನು ಚುಚ್ಚಿದೆ. ಅವನು ಸತ್ತುಹೋದ ತನ್ನವ್ವನನ್ನು ಕೂಗಿದ. ಹನಿ ರಕ್ತ ಬಂತು. ಮಶಿನ್ ಅಂಕಿ ತೋರಿಸಲಿಲ್ಲ, ಇದು ನನ್ನ ಅಳತೆಗೆ ಮೀರಿದ್ದು ಎಂಬರ್ಥದ ಎರಡು ಅಕ್ಷರ ತೋರಿಸಿ ಸುಮ್ಮನಾಯಿತು.

ಮಶಿನ್ ಕೆಟ್ಟಿದೆ ಎಂದ ದೊಡ್ಡಪ್ಪ. ದೊಡ್ಡವ್ವ ಹಿಟ್ಟಿನ ಕೈ ಒರೆಸಿಕೊಂಡು ತನ್ನ ಬೆರಳು ಮುಂದೆ ಮಾಡಿದಳು. ಅವಳದನ್ನು ಅಳೆದೆ. ಎಂದಿನ ಚೆಂದದ ಅಂಕಿಯೇ ಬಂತು. ಮಶಿನ್ ಕೆಟ್ಟಿರಲಿಲ್ಲ.

ಅಥಣಿಗೆ ಹೋಗಲು ಅವನು ಒಪ್ಪಲಿಲ್ಲ. ಹೆದರಿಕೆಗಿಂತ ಹೆಚ್ಚಾಗಿ ಚಪ್ಪಲಿಯ ಮರ್ಯಾದೆಯ ಪ್ರಶ್ನೆ ಅದು. ಅಣ್ಣ ಗಾಡಿ ತಂದು ಚಿಕ್ಕೋಡಿಗೆ ಕರೆದೊಯ್ದ. ಅಲ್ಲಿ ದೊಡ್ಡಪ್ಪ ಕಣ್ಣು ಬಿಗಿ ಮುಚ್ಚಿ, ಚುಚ್ಚುವ ಮೊದಲು ತಿಳಿಸಬೇಕು, ತಿಳಿಸದೆ ಚುಚ್ಚಬಾರದು ಎಂದು ಕರಾರು ಹಾಕುತ್ತಲೇ ಇದ್ದ. ಕರಾರು ಮುಗಿದ ಮೇಲೆ ನರ್ಸು ಹೇಳಿದಳು: "ಆಗಲೇ ಆತ್ರಿ, ಏಳ್ರಿ." ಅವನು ನಂಬಲಿಲ್ಲ. ಹೊಟ್ಟೆಯ ಮೇಲೆ ತೂತು ಹುಡುಕಿದ, ಸಿಗಲಿಲ್ಲ. ಇಷ್ಟಕ್ಕಾಗಿ ಓಡಿಬಂದೆನೇ ಎಂದು ಆಗ ಅವನಿಗೆ ಅನ್ನಿಸಿತೋ ಇಲ್ಲವೋ ತಿಳಿಯದು. ಅನ್ನಿಸಿದ್ದರೂ ಹೇಳುವ ಜಾತಿಯಲ್ಲ.

ಹೆಬ್ಬೆರಳು ಉಳಿಯಿತು. ಉಗುರು ಹೋಯಿತು, ತುದಿಯ ಒಂದಿಷ್ಟು ಮಾಂಸ ಹೋಯಿತು, ಮಾಯಲು ಸುಗ್ಗಿಯೇ ಕಳೆಯಿತು. ಇವತ್ತಿಗೂ ಊಟಕ್ಕೆ ಮುಂಚೆ ಇನ್ಸುಲಿನ್ ಪೆನ್ನು ಹಿಡಿಯುವವಳು ದೊಡ್ಡವ್ವ. ಅವನು ಮುಖವನ್ನು ಗೋಡೆಗೆ ತಿರುಗಿಸಿ ದೇವರ ಹೆಸರು ಹೇಳುತ್ತಾನೆ. ಬೆರಳು ಚುಚ್ಚುವವಳೂ ಅವಳೇ, ಆದರೆ ಬೆರಳು ಈಗ ಅವನದು. ಬಳಗದವರು ಮನೋಬಲ ಎನ್ನುವುದು ಇದಕ್ಕೇ. ಪುಡಿಯ ಡಬ್ಬಿ ಕೊಟ್ಟಿಗೆಯ ಗೂಡಿನಲ್ಲಿದೆ. ರಾಯಬಾಗದ ಪಾವಣೇರು ಇನ್ನೂ ಕುಡಿಯುತ್ತಿದ್ದಾರಂತೆ. ಅವರ ಮನೆಯಲ್ಲಿ ಯಾರ ಬೆರಳು ಎಂದು ನಾನು ಕೇಳಲು ಹೋಗಿಲ್ಲ.

ಮೊನ್ನೆ ಕರೋಶಿಯ ಕುಬಸದಲ್ಲಿ ಹೊಸದಾಗಿ ಸಕ್ಕರೆ ಬಂದ ಬೀಗರೊಬ್ಬರನ್ನು ದೊಡ್ಡಪ್ಪನ ಪಕ್ಕದಲ್ಲಿ ಕೂರಿಸಿದ್ದರು. ಅವರಿಗೂ ಸೂಜಿ ಎಂದರೆ ಆಗದಂತೆ. ದೊಡ್ಡಪ್ಪ ಕಥೆ ತೆಗೆದ. ಹಿಂಬಾಗಿಲು ಬರಲಿಲ್ಲ, ಕೂಳೆ ಬರಲಿಲ್ಲ, ಗೋಡೆ ಬರಲಿಲ್ಲ. ಎದೆ ಬಂತು, ಚಾಚಿದ ಕೈ ಬಂತು. ಕೊನೆಯಲ್ಲಿ ಅವನು ಒಳಗಿನ ಕಡೆ ತಿರುಗಿ, ಹೌದಲ್ಲೇನು ಎಂದು ಕೂಗಿ ಕೇಳಿದ. ಬಾಗಿಲ ಬಳಿ ಬೆಳ್ಳುಳ್ಳಿ ಸುಲಿಯುತ್ತಿದ್ದ ದೊಡ್ಡವ್ವ, "ಹೌದ್ರಿ" ಎಂದಳು. ಸಭೆ ತಲೆಯಾಡಿಸಿತು. ಬೀಗರ ಹೆಂಡತಿ ಗಂಡನ ಕೈಯನ್ನೊಮ್ಮೆ ನೋಡಿದಳು, ತನ್ನ ಕೈಯನ್ನೊಮ್ಮೆ ನೋಡಿಕೊಂಡಳು.

ನನಗೆ ತಡೆಯಲಾಗಲಿಲ್ಲ. ದೊಡ್ಡವ್ವನ ಪಕ್ಕ ಹೋಗಿ ಕೂತು, ಅವಳ ಬುಟ್ಟಿಯಿಂದ ಒಂದು ಬೆಳ್ಳುಳ್ಳಿ ಗಡ್ಡೆ ತೆಗೆದುಕೊಂಡೆ. ಅವಳ ಬೆರಳ ತುದಿಯ ಚುಕ್ಕೆಗಳು ಮಾಸಿಹೋಗಿದ್ದವು. ಬೀಗರ ಹೆಂಡತಿಗೂ ಕೇಳಿಸಲಿ ಎಂದೇ, ಸ್ವಲ್ಪ ದನಿ ಏರಿಸಿ ಕೇಳಿದೆ:

"ದೊಡ್ಡವ್ವ, ಶುಗರ ನಿನಗ ಬಂದಿತ್ತಂದ್ರ, ಅಂವಾ ತನ್ನ ಬೆರಳ ಕೊಡತಿದ್ದನೇನ?"