ಲಕ್ಷ್ಮೇಶ್ವರದ ಕಾರಿನ ಬಲಬಾಗಿಲು

ನಸುಕಿನ ಐದು ಗಂಟೆ. ಬೆಟಗೇರಿಯ ಮುಚ್ಚಿದ ಅಂಗಡಿಗಳ ಸಾಲಿನಲ್ಲಿ ಒಂದೇ ಕಡೆ ಸಣ್ಣ ಸಪ್ಪಳ: ಟಕ್, ಟಕ್, ಸ್ವಲ್ಪ ಬಿಡುವು, ಮತ್ತೆ ಟಕ್. ಮರ್ದಾನಸಾಬರು ತುಟಿಯಲ್ಲಿ ಸಣ್ಣ ಮೊಳೆಗಳನ್ನು ಕಚ್ಚಿಕೊಂಡು, ಒಂದೊಂದನ್ನೇ ತೆಗೆದು, ಪ್ಲೈವುಡ್ ಹಲಗೆಗೆ ಕೆಂಪು ಚರ್ಮ ಬಡಿಯುತ್ತಿದ್ದಾರೆ. ಅದು ಹಳೆಯ ಕಾರೊಂದರ ಬಾಗಿಲಿನ ಒಳಹಲಗೆ, ಕೂತವರ ಮೊಣಕೈ ತಾಗುವ ಜಾಗ. ಬೆಳಕು ಹರಿದರೆ ಆಟೊದವರು ಬಂದು ನಿಲ್ಲುತ್ತಾರೆ. ಇಂಥ ಕೆಲಸಕ್ಕೆ ಸಿಗುವುದು ಈ ಹೊತ್ತು ಮಾತ್ರ.

ಐವತ್ತೊಂದರ ಮರ್ದಾನಸಾಬರದು ಕುಶನ್ ಅಂಗಡಿ. ದಿನಕ್ಕೆ ಎರಡು ಆಟೊ ಸೀಟು, ವಾರಕ್ಕೊಂದು ಟ್ರ್ಯಾಕ್ಟರ್ ಸೀಟು. ಹಳೆಯ ಕಾರು ವರ್ಷಕ್ಕೊಂದು ಬಂದರೆ ಹೆಚ್ಚು. ಬೆರಳ ತುದಿಗಳು ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾಗಿವೆ. ಗದಗ-ಬೆಟಗೇರಿ ಅವಳಿ ಊರಿನಲ್ಲಿ ಈ ಕೆಲಸ ಬಲ್ಲವರು ಅವರೊಬ್ಬರೇ ಎಂದರೆ ತಲೆ ಅಲ್ಲಾಡಿಸುತ್ತಾರೆ. “ಬಲ್ಲವ್ರು ನಮ್ಮ ಉಸ್ತಾದ್ ಫಕೀರಸಾಬರು. ಅವರ ಅನ್ನ ಕಸಗೊಂಡಾವ ನಾನು. ಇದನ್ನ ಪೇಪರಿನ್ಯಾಗ ಹಂಗ ಬರೀರಿ ಅಕ್ಕಾರ.”

ಕತೆ ಈ ಕಾರಿನದೇ. ಗದಗ ಜಿಲ್ಲೆಯಾಗಿ ವರ್ಷ ಕಳೆದಿತ್ತು. ಲಕ್ಷ್ಮೇಶ್ವರದ ಅರಳೆ ವ್ಯಾಪಾರಿ ದೇವೇಂದ್ರಪ್ಪ ತಮ್ಮ ಟಾಪು ಮಡಚುವ ಕಾರನ್ನು ಮಗಳ ಮದುವೆಗಾಗಿ ಫಕೀರಸಾಬರ ಕೈಗೆ ಕೊಟ್ಟರು. ಹಲಗೆ ಕೂರಿಸಿದವರು ಅವರ ಶಿಷ್ಯ ಮರ್ದಾನಸಾಬರು. ಆಗ ಇಪ್ಪತ್ತೈದರ ಪ್ರಾಯ.

ಮದುವೆಯ ವಾರವೆಲ್ಲ ಮಳೆ. ಮೆರವಣಿಗೆಗೆಂದು ಮದುಮಗಳು ಎಡಬಾಗಿಲು ಎಳೆದದ್ದೇ ಉಬ್ಬಿದ ಹಲಗೆ ಕಿತ್ತುಬಂತು. ಬಾಗಿಲೊಳಗೆ ನಿಂತಿದ್ದ ತುಕ್ಕುನೀರು ಮದುವೆ ಸೀರೆಯ ಮೇಲೆ ಸುರಿಯಿತು. ಮರುದಿನ ಫಕೀರಸಾಬರನ್ನು ಕರೆಸಿದರು. ಅವರು ಎಡಬಾಗಿಲನ್ನು ಬಿಚ್ಚಿ ನೋಡಿ, “ತಪ್ಪು ನಂದ ಐತ್ರಿ ಸಾವ್ಕಾರ್ರ” ಎಂದಷ್ಟೇ ಹೇಳಿ ತಲೆ ತಗ್ಗಿಸಿ ನಿಂತರು. ಕಾರು ಶೆಡ್ ಸೇರಿತು.

ಸುದ್ದಿ ಗದಗಕ್ಕೆ ಬರಲು ಒಂದು ಬಸ್ಸು ಸಾಕಾಯಿತು. “ಫಕೀರಸಾಬನ ಬಾಗಲದಾಗ ಮೀನ ಸಾಕಬೌದಲೇ!” ಎಂದು ಗ್ಯಾರೇಜಿನವರು ನಕ್ಕರು. “ನಾನೂ ನಕ್ಕೀನ್ರಿ. ಉಸ್ತಾದರ ಕೈ ತಪ್ಪಾಕತ್ತೈತಿ ಅಂತ ಮಂದಿಗೆ ಹೇಳಿಕೋಂತನ ಈ ಅಂಗಡಿ ತಗದೀನಿ,” ಎನ್ನುತ್ತಾರೆ ಮರ್ದಾನಸಾಬರು. ಫಕೀರಸಾಬರ ಬಳಿ ಮತ್ತೆ ಕಾರು ಬರಲಿಲ್ಲ. ಮುಳಗುಂದಕ್ಕೆ ಹೋಗಿ ಗಾದಿ ಹೊಲಿದರು. ಎಂಟು ವರ್ಷದ ಹಿಂದೆ ತೀರಿಕೊಂಡರು.

ಈಗ ಮೊಮ್ಮಗಳ ಮದುವೆಗೆಂದು ದೇವೇಂದ್ರಪ್ಪ ಅದೇ ಕಾರನ್ನು ಕಳಿಸಿದ್ದಾರೆ. ಬಲಬಾಗಿಲನ್ನು ಅಂದಿನಿಂದ ಯಾರೂ ಬಿಚ್ಚಿರಲಿಲ್ಲ. ಮರ್ದಾನಸಾಬರು ಬಿಚ್ಚಿದರು. ಗಾಜಿನ ಸಂದಿಯಲ್ಲಿ ಇಳಿದ ಮಳೆನೀರು ಹೊರಹೋಗಲೆಂದು ಬಾಗಿಲ ತಳದಲ್ಲಿ ನಾಲ್ಕು ತೂತುಗಳಿರುತ್ತವೆ. ನಾಲ್ಕಕ್ಕೂ ಡಾಂಬರಿನಲ್ಲಿ ಅದ್ದಿದ ಬಟ್ಟೆ ತುರುಕಲಾಗಿತ್ತು. ಕೆರೆದಾಗ ಕಂಡದ್ದು ಹಸಿರು ಚೌಕಡಿ.

“ನನ್ನ ಲುಂಗಿರಿ ಅದು. ಎರಿ ಮಣ್ಣಿನ ಧೂಳ ಒಳಗ ಹೊಕ್ಕು ಹೊಸಾ ಹಲಗಿ ಕೆಡ್ತೈತಿ ಅಂತ ನಾನ ತುರುಕಿದ್ದೆ. ಹುಟ್ಟಿದಾಗಿಂದ ಧೂಳ ನೋಡಿದಾವ, ಮಳಿ ಎಲ್ಲೆ ನೋಡಿದ್ದೆ? ಭಾಳ ಶಾಣ್ಯಾತನ ಮಾಡೀನಿ ಅಂದ್ಕೊಂಡು ಉಸ್ತಾದರಿಗೂ ಹೇಳಲಿಲ್ಲ. ಆಮ್ಯಾಲೆ ಮರತ ಬಿಟ್ಟೆ.”

ಅಂದೇ ಲಕ್ಷ್ಮೇಶ್ವರಕ್ಕೆ ಹೋಗಿ ದೇವೇಂದ್ರಪ್ಪನವರಿಗೆ ತಿಳಿಸಿದರು. ಅವರಿಗೀಗ ಎಂಬತ್ತು ದಾಟಿದೆ. “ಮಂದಿ ಮುಂದ ನಾ ಫಕೀರಸಾಬಗ ಏನೇನ ಅಂದ್ನೆಪಾ,” ಎಂದರು. “ಅಂವ ಒಂದ ಮಾತ ತಿರುಗಿ ಆಡಿದ್ರ ಸಾಕಿತ್ತಲ್ಲ.”

ಮರ್ದಾನಸಾಬರ ಆಸೆ ಒಂದೇ: ಅಂದು ನಕ್ಕವರು ಬದುಕಿರುವಾಗಲೇ ಇದು ಅಚ್ಚಾಗಬೇಕು. ಅದಕ್ಕೂ ಮುಂಚೆ ಉಸ್ತಾದರ ಹೆಂಡತಿಯ ಕಾಲು ಹಿಡಿಯಬೇಕೆಂದು ಮುಳಗುಂದಕ್ಕೆ ಹೋದರು. ಅಲ್ಮಾಸಬಿ ಅಂಗಳದಲ್ಲಿ ಗಾದಿಗೆ ಹತ್ತಿ ಬಿಡಿಸುತ್ತಿದ್ದರು. ಮರ್ದಾನಸಾಬರು ಅತ್ತು ಮುಗಿಸುವವರೆಗೆ ಕಾದು, “ಏಳೋ ಮರ್ದಾನ. ನನಗ ಆವತ್ತ ಗೊತ್ತಿತ್ತು,” ಎಂದರು.

ಮದುವೆಯ ಮರುದಿನ ಲಕ್ಷ್ಮೇಶ್ವರದಿಂದ ಬಂದ ಸಂಜೆ ಫಕೀರಸಾಬರು ಅಂಗಿಯ ಕಿಸೆಯಿಂದ ಎಡಬಾಗಿಲಿನ ಡಾಂಬರು ಬಟ್ಟೆಗಳನ್ನು ತೆಗೆದು ಒಲೆಗೆ ಹಾಕಿದ್ದರು. ಹೊಗೆಗೆ ಮನೆಮಂದಿಯೆಲ್ಲ ಕೆಮ್ಮಿದರು. ಆ ಹುಡುಗನನ್ನು ಸಾಹುಕಾರರ ಮುಂದೆ ನಿಲ್ಲಿಸಿ ಎಂದು ಅಲ್ಮಾಸಬಿ ಜಗಳಕ್ಕೇ ನಿಂತರಂತೆ.

“ಅವನ ಹೆಸರ ಇನ್ನೂ ಹುಟ್ಟೇ ಇಲ್ಲ, ಅದನ್ನ ಹೆಂಗ ಕೊಲ್ಲೂದು? ಹಲಗಿ ಹಾಕೂಕಿಂತ ಮೊದಲ ಒಳಗ ಬಗ್ಗಿ ನೋಡೂದು ನನ್ನ ಕೆಲಸ ಆಗಿತ್ತು, ನೋಡಲಿಲ್ಲ,” ಎಂದಿದ್ದರು ಫಕೀರಸಾಬರು. “ಅವಗೂ ತಿಳಿಯೂದು ಬ್ಯಾಡ. ನೀ ಯಾರ ಮುಂದೂ ಬಾಯಿ ಬಿಡಬ್ಯಾಡ. ನಾನೂ ಬಿಡಾಂಗಿಲ್ಲ.”