ಹದ್ದಿನ ಮುಂದೆ ಬಾಯಿ ಕಟ್ಟಿದ ಚಿಕ್ಕಮ್ಮ

ನನ್ನ ಚಿಕ್ಕಮ್ಮನಿಗೆ ಬೀದಿಯವರು ಇಟ್ಟ ಹೆಸರು ರೇಡಿಯೋ. ಅವಳ ಹೊಲಿಗೆ ಅಂಗಡಿಗೆ ಒಂದು ಗುಂಡಿ ಹಾಕಿಸಲು ಹೋದವರೂ ಊರ ಸುದ್ದಿಯೆಲ್ಲ ಕೇಳಿಯೇ ಹೊರಬರಬೇಕು. ಸೂಜಿಯನ್ನು ತುಟಿಯಲ್ಲಿ ಕಚ್ಚಿಕೊಂಡೂ ಮಾತಾಡುತ್ತಾಳೆ. ಬೇರೆಯವರಾಗಿದ್ದರೆ ಆಸ್ಪತ್ರೆ ಸೇರುತ್ತಿದ್ದರು.

ಇಂಥವಳನ್ನು ಹುಡುಕಿಕೊಂಡು ಹಕ್ಕಿ ಡಾಕ್ಟರು ಬಂದರು. ನಮ್ಮ ಬೆಟ್ಟಗಳಲ್ಲಿ ಹದ್ದುಗಳು ಉಳಿದಿದ್ದೇ ಹನ್ನೊಂದು ಜೋಡಿ. ಗೂಡಿನಲ್ಲಿ ಎರಡು ಮರಿಯಾದರೆ ದೊಡ್ಡದು ಚಿಕ್ಕದನ್ನು ಕುಕ್ಕಿ ಕೊಲ್ಲುತ್ತದೆ. ಆ ಚಿಕ್ಕದನ್ನು ತಂದು ಸಾಕಿ ಬಿಡುವುದು ಡಾಕ್ಟರ ಕೆಲಸ. ಮನುಷ್ಯರಿಗೆ ಪಳಗಿದ ಹದ್ದು ಕಾಡಿನಲ್ಲಿ ಬದುಕದು. ಅದಕ್ಕೇ ಉಣಿಸುವವರ ಕೈಗೆ ತಾಯಿಹದ್ದಿನ ತಲೆಯಂಥ ಗವಸು ಬೇಕಿತ್ತು. ಚಿಕ್ಕಮ್ಮ ಹಳೆಯ ಕಂದು ಕೋಟು ಕತ್ತರಿಸಿ, ಹಳದಿ ಗುಂಡಿಗಳನ್ನೇ ಕಣ್ಣು ಮಾಡಿ ಹೊಲಿದಳು. ಡಾಕ್ಟರು ಮೆಚ್ಚಿ ಉಣಿಸುವ ಕೆಲಸವನ್ನೂ ಅವಳಿಗೇ ಕೊಟ್ಟರು.

ಅಲ್ಲೇ ಎಡವಟ್ಟಾಯಿತು. ಪರದೆಯ ಹಿಂದೆ ಕೂತು, ಗವಸಿನ ಕೊಕ್ಕಿನಿಂದ ಮಾಂಸದ ಚೂರು ಕೊಡುತ್ತಾ, "ತಿನ್ನು ಪುಟ್ಟಾ, ಇನ್ನೊಂದೇ ತುತ್ತು" ಎಂದು ಮಾತಾಡಿಸುತ್ತಲೇ ಇದ್ದಳು. ಮರಿಗೆ ಮುಖ ಕಾಣಲಿಲ್ಲ, ದನಿ ಕೇಳಿತು. ಬಿಟ್ಟ ಮೂರನೇ ದಿನ ಅದು ಶಾಲೆಯ ಅಂಗಳಕ್ಕಿಳಿದು, ಟೀಚರ ದನಿ ಕೇಳಿ ತುತ್ತಿಗಾಗಿ ಬಾಯಿ ತೆರೆದು ನಿಂತಿತು. ಬದುಕಿರುವವರೆಗೂ ಅದಕ್ಕೆ ಪಂಜರವೇ ಗತಿಯಾಯಿತು.

ಚಿಕ್ಕಮ್ಮ ವಾರಗಟ್ಟಲೆ ಅತ್ತಳು.

ಮರುವರ್ಷ ಇನ್ನೊಂದು ಮರಿ ಬಂತು. "ನಿಮ್ಮ ಕೈ ಬಂಗಾರ, ಆದ್ರೆ ಬಾಯಿ..." ಎಂದರು ಡಾಕ್ಟರು. "ಇದೂ ಕೆಟ್ರೆ ಅರಣ್ಯ ಇಲಾಖೆಯವರು ನಮಗೆ ಮತ್ತೆ ಮರಿ ಕೊಡೋದಿಲ್ಲ."

"ಒಂದೇ ಒಂದು ಸಲ ನಂಬಿ ಸಾರ್. ಬಾಯಿಗೆ ಬೀಗ ಹಾಕ್ಕೋತೀನಿ."

"ನಿನ್ ಕೈಲಿ ಅದೊಂದು ಆಗಲ್ಲ ಬಿಡೇ" ಎಂದು ಚಿಕ್ಕಪ್ಪ ನಕ್ಕರು. ಸುಳ್ಳೇಕೆ, ನಾನೂ ನಕ್ಕೆ.

ಎಪ್ಪತ್ತೈದು ದಿನ ಉಣಿಸಿದಳು. ತುಟಿ ಪಿಟಕ್ಕೆನ್ನಲಿಲ್ಲ. ಒಮ್ಮೆ ಮರಿ ಗವಸಿನ ಮೇಲಿಂದಲೇ ಹೆಬ್ಬೆರಳು ಕಚ್ಚಿ ರಕ್ತ ಬಂದಾಗಲೂ ಇಲ್ಲ. ಮನೆಗೆ ಬಂದು ಅಷ್ಟೂ ಮಾತನ್ನು ಚಿಕ್ಕಪ್ಪನ ಮೇಲೆ ಸುರಿಯುತ್ತಿದ್ದಳು. ಪಾಪ, ಹದ್ದು ಉಳಿಸಿದ್ದರಲ್ಲಿ ಅವರ ಪಾಲೂ ಇದೆ.

ಕೊನೆಗೆ ಪರೀಕ್ಷೆ. ಚಿಕ್ಕಪ್ಪನೂ ನಾನೂ ಜೊತೆಗೆ ಹೋದೆವು. ಬೆಟ್ಟದ ಮೇಲೆ ಮರಿಯಿಟ್ಟ ಪೆಟ್ಟಿಗೆಯ ಬಾಗಿಲು ತೆರೆದು ಒಬ್ಬರು ಕರೆಯಬೇಕು. ಹದ್ದು ಹತ್ತಿರ ಬಂದರೆ ಪಂಜರ, ಹೆದರಿ ಹಾರಿದರೆ ಆಕಾಶ. "ನೀವೇ ಕರೀರಿ" ಎಂದರು ಡಾಕ್ಟರು.

ಚಿಕ್ಕಮ್ಮ ಬಾಗಿಲು ತೆರೆದು ಕರೆದಳು. "ಪುಟ್ಟಾ... ಬಾರೋ."

ಹದ್ದು ಬೆಚ್ಚಿಬಿದ್ದು ರೆಕ್ಕೆ ಬಡಿಯಿತು. ಅವಳ ತಲೆಯ ಮೇಲಿಂದಲೇ ಹಾರಿ ಕಣಿವೆ ದಾಟಿತು. ತಿರುಗಿಯೂ ನೋಡಲಿಲ್ಲ.

"ನೋಡಿದ್ರಾ! ನಾನು ಯಾರು ಅಂತಾನೇ ಗೊತ್ತಿಲ್ಲ ಅದಕ್ಕೆ!" ಚಿಕ್ಕಮ್ಮ ಅಳುತ್ತಾ ಕುಣಿದಳು. "ನನ್ ದನಿ ಕೇಳಿ ಓಡಿಹೋಯ್ತು ರೀ!"

"ಅದಕ್ಕೆ ರೆಕ್ಕೆ ಇದೆ, ಪುಣ್ಯ ಮಾಡಿದೆ" ಎಂದು ಚಿಕ್ಕಪ್ಪ ಕಣ್ಣೊರೆಸಿಕೊಂಡರು.

ಐದು ವರ್ಷದ ಮೇಲೆ, ಕಾಲಿನಲ್ಲಿ ಡಾಕ್ಟರು ಹಾಕಿದ ಕೆಂಪು ಬಳೆಯಿದ್ದ ಅದೇ ಹದ್ದು ಸಂಗಾತಿಯೊಡನೆ ಕಣಿವೆಯಾಚೆ ಗೂಡು ಕಟ್ಟಿತು. ಹನ್ನೆರಡನೇ ಜೋಡಿ! ಅಂಗಡಿಗೆ ಬಂದವರಿಗೆಲ್ಲ ಚಿಕ್ಕಮ್ಮ ಈ ಕಥೆ ಹೇಳದೆ ಬಿಡುವುದಿಲ್ಲ. ಆ ಗೂಡಿನ ಕೆಳಗೆ ನಿಂತಾಗ ಮಾತ್ರ ಈಗಲೂ ಒಂದು ಮಾತೂ ಆಡುವುದಿಲ್ಲ.