ಅಪ್ಪನ ಫೋಟೋದ ಕೆಳಗಿನ ಪದ

ಬೆಳಗಿನ ಜಾವದ ಕನಸಿನಲ್ಲಿ ಅಪ್ಪ ಮತ್ತೆ ನೊಗಕ್ಕೆ ಹೆಗಲು ಕೊಟ್ಟಿದ್ದ. ನಮ್ಮೂರು ಕುಲಗೋಡದ ಬಗ್ಗೆ ಬರುತ್ತಿರುವ ಪುಸ್ತಕದಲ್ಲಿ ಅವನ ಫೋಟೋದ ಕೆಳಗೆ ‘ಗೌಡರ ಮನೆಮಗ’ ಎಂದು ಹಾಕುತ್ತಾರಂತೆ. ‘ಜೀತದಾಳು’ ಎಂದರೆ ಅವಮಾನವಂತೆ. ಅಪ್ಪ ಗೌಡರ ಮನೆಯಲ್ಲಿ ಜೀತಕ್ಕಿದ್ದ.

ನಾನು ಚಿಕ್ಕವನಿದ್ದಾಗ ಒಂದು ಕಾರಹುಣ್ಣಿಮೆಗೆ ಗೌಡರ ಎತ್ತುಗಳ ಕೊಂಬಿಗೆ ಬಣ್ಣ ಹಚ್ಚಿ, ಹೋಳಿಗೆ ತಿನ್ನಿಸಿ, ಹೂಡದೆ ಬಿಟ್ಟಿದ್ದರು. ಗೊಬ್ಬರದ ಬಂಡಿ ಮಾತ್ರ ಹೊಲಕ್ಕೆ ಹೋಗಬೇಕಿತ್ತು.

“ಎತ್ತಿಗಿ ಇವತ್ತ ಹಬ್ಬ ಐತಿ. ನೀನ ಎಳಿ,” ಎಂದರು ಗೌಡರು.

“ಒಂದ ತುತ್ತ ಉಂಡ ಎಳೀತೇನ್ರಿ, ಯಪ್ಪಾ,” ಎಂದ ಅಪ್ಪ.

“ಎತ್ತ ಎಂದಾದ್ರೂ ಹಿಂಗ ಕೇಳ್ಯಾವೇನಲೇ?” ಎಂದರು ಗೌಡರು. ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು.

ಅವ್ವ ಅಳುತ್ತ ಗೌಡರ ಮನೆಗೆ ಹೋದಾಗ ಗೌಡರ ಹೆಂಡತಿ, “ಯಾಕ ಅಳ್ತಿ? ಅಂವ ನಮ್ಮನಿ ಮಗಾ ಇದ್ದಂಗ,” ಎಂದಳು.

ನನ್ನದು ಅರ್ಧಕ್ಕೆ ನಿಂತ ಶಾಲೆ. ಆದರೂ ಪುಸ್ತಕ ತರುತ್ತಿರುವ ನಿಮ್ಮನ್ನು ಕೈಮುಗಿದು ಕೇಳುತ್ತೇನೆ. ಅಚ್ಚಿಗೆ ಹೋಗುವ ಮುಂಚೆ ಆ ಒಂದು ಪದವನ್ನು ಇನ್ನೊಮ್ಮೆ ನೋಡಿರಿ.